ಹಳೇ ಪೆಟ್ರೋಮ್ಯಾಕ್ಸ್ ಉರಿಯುತ್ತಿಲ್ಲವೇ? ಮೊದಲು ಪಂಪ್ ಬಿಚ್ಚಿ

ಸೀಮೆಎಣ್ಣೆಯ ಹಳೇ ಪ್ರೆಶರ್ ಲ್ಯಾಂಟರ್ನ್ ಸಿಕ್ಕ ಕೂಡಲೇ ಎಣ್ಣೆ ಸುರಿದು ಹಚ್ಚಲು ಹೋಗಬೇಡಿ.

ಪಂಪ್ ಒತ್ತಿದಾಗ ಗಾಳಿಯ ತಡೆಯೇ ಇಲ್ಲದೆ ಸಲೀಸಾಗಿ ಒಳಗೆ ಹೋದರೆ ಚರ್ಮದ ವಾಷರ್ ಒಣಗಿದೆ ಎಂದರ್ಥ. ಹರಿದಿಲ್ಲದಿದ್ದರೆ ಎಸೆಯಬೇಡಿ. ಹೊಲಿಗೆ ಯಂತ್ರದ ಎಣ್ಣೆಯಲ್ಲಿ ಒಂದು ರಾತ್ರಿ ನೆನೆಸಿ, ಅಂಚನ್ನು ಬೆರಳಿನಿಂದ ಹೊರಕ್ಕೆ ಅಗಲಿಸಿ, ಬಟ್ಟಲಿನಂತಿರುವ ವಾಷರಿನ ಬಾಯಿ ಟ್ಯಾಂಕಿನ ಕಡೆಗಿರುವಂತೆ ಕೂರಿಸಿ. ಒತ್ತಿದ ಹಿಡಿ ತಾನಾಗಿ ಹೊರಗೆ ಬರುತ್ತಿದ್ದರೆ ದೋಷ ಬೇರೆ: ಪಂಪಿನ ತಳದ ವಾಲ್ವಿನಲ್ಲಿರುವ ಪುಟ್ಟ ರಬ್ಬರ್ ಗಟ್ಟಿಯಾಗಿ ಕುಳಿ ಬಿದ್ದಿರುತ್ತದೆ. ಇದನ್ನು ಬದಲಿಸಲೇಬೇಕು, ಅದೂ ಎಣ್ಣೆಗೆ ಕೆಡದ ನೈಟ್ರೈಲ್ ಅಥವಾ ವೈಟಾನ್ ರಬ್ಬರಿನಿಂದ. ಸೈಕಲ್ ಟ್ಯೂಬ್ ಕತ್ತರಿಸಿ ಹಾಕುವವರಿದ್ದಾರೆ. ಅದು ಸೀಮೆಎಣ್ಣೆಗೆ ಉಬ್ಬಿ ಕೆಡುತ್ತದೆ.

ಆಮೇಲೆ ಕಂಟ್ರೋಲ್ (ಎಣ್ಣೆ ಬಿಡುವ ತಿರುಪು) ಮುಚ್ಚಿ, ಖಾಲಿ ಟ್ಯಾಂಕಿಗೆ ಗಾಳಿ ತುಂಬಿ, ಜೋಡಣೆಗಳಿಗೆಲ್ಲ ಸೋಪಿನ ನೊರೆ ಹಚ್ಚಿ. ಗುಳ್ಳೆ ಎದ್ದಲ್ಲಿ ಸೋರಿಕೆ. ಟ್ಯಾಂಕಿನ ಲೋಹದಿಂದಲೇ ಗುಳ್ಳೆ ಬಂದರೆ ಆ ದೀಪ ಶೋಕೇಸಿಗಷ್ಟೇ ಲಾಯಕ್ಕು.

ಎಣ್ಣೆಯ ಆವಿ ಚಿಮ್ಮುವ ಸಣ್ಣ ತೂತಿನ ನಿಪ್ಪಲ್ ಕಟ್ಟಿಕೊಂಡಿದ್ದರೆ ಅದರದೇ ಪಿನ್ ಬಳಸಿ. ಹೊಲಿಗೆ ಸೂಜಿ ತೂರಿಸಿದರೆ ತೂತು ಹಿರಿದಾಗಿ, ಎಣ್ಣೆ ಹೆಚ್ಚಾಗಿ ಮ್ಯಾಂಟಲ್ (ಬೆಳಕು ಕೊಡುವ ಬಲೆಯ ಚೀಲ) ಮಸಿ ಹಿಡಿಯುತ್ತದೆ.

ಟ್ಯಾಂಕಿನ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಎಣ್ಣೆ ಬೇಡ, ಗಾಳಿಗೆ ಜಾಗ ಬೇಕು. ಪೆಟ್ರೋಲ್ ಅಂತೂ ಬೇಡವೇ ಬೇಡ. ದೀಪವನ್ನು ಮೊದಲು ಕಾಯಿಸಲೆಂದಿರುವ ಸ್ಪಿರಿಟ್ ಬಟ್ಟಲು ತುಂಬಿ ಹಚ್ಚಿ, ಅದು ಆರುವ ಹೊತ್ತಿಗೆ ಕಂಟ್ರೋಲ್ ತೆರೆಯಿರಿ. ಅವಸರ ಮಾಡಿದರೆ ಎಣ್ಣೆ ಆವಿಯಾಗದೆ ಹಳದಿ ಜ್ವಾಲೆ ಭುಗ್ಗೆನ್ನುತ್ತದೆ. ಹಾಗಾದರೆ ಟ್ಯಾಂಕಿನ ಗಾಳಿ ಹೊರಬಿಟ್ಟು ಆರಿಸಿ, ಮತ್ತೆ ಕಾಯಿಸಿ. ಹಚ್ಚುವುದು ಬಯಲಿನಲ್ಲೇ ಇರಲಿ. ಹಳೇ ಮ್ಯಾಂಟಲ್‌ಗಳಲ್ಲಿ ವಿಕಿರಣ ಸೂಸುವ ಥೋರಿಯಂ ಇರಬಹುದು, ಅದರ ಬೂದಿಯನ್ನು ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಕೈ ತೊಳೆಯಿರಿ.