ಕೋಡಿಂಗ್ ತರುವ ಮುಂಚೆ ಡಯಾಗ್ನೋಸಿಸ್ ಸಾಲು ಸರಿ ಮಾಡಿಸಿ

ಸಣ್ಣ ಆಸ್ಪತ್ರೆಗಳ ಎಂಆರ್‌ಡಿಯಲ್ಲಿ (ರೋಗಿಗಳ ದಾಖಲೆ ಇಡುವ ವಿಭಾಗ) ಇರುವವರಿಗೆ ಒಂದು ಸಲಹೆ. ಐಸಿಡಿ-10 (ಪ್ರತಿ ಕಾಯಿಲೆಗೂ ಒಂದು ಕೋಡ್ ಇರುವ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ) ಶುರು ಮಾಡೋಣ ಅಂದ ಕೂಡಲೇ ಆಡಳಿತದವರು ಸಾಫ್ಟ್‌ವೇರ್ ರೇಟು ವಿಚಾರಿಸುತ್ತಾರೆ. ಅದು ಆಮೇಲೆ ನೋಡಿದರಾಯ್ತು. ಕೆಲಸ ಕೈಕೊಡುವುದು ಡಿಸ್ಚಾರ್ಜ್ ಸಮ್ಮರಿಯಲ್ಲಿ ಡಾಕ್ಟರು ಬರೆಯುವ ಆ ಒಂದು ಸಾಲಿನಲ್ಲಿ.

ಬರೀ ‘ಫೀವರ್’ ಅಂತಿದ್ದರೆ ಕಾರಣ ಹೇಳದ ಜ್ವರದ ಕೋಡ್ ಆರ್50.9 ಬಿಟ್ಟು ಬೇರೆ ದಾರಿಯಿಲ್ಲ. ಫೈಲು ತಿರುವಿದರೆ ಒಳಗೆ ಟೈಫಾಯ್ಡ್ ಬಂದಿರುವ ಬ್ಲಡ್ ಕಲ್ಚರ್ ರಿಪೋರ್ಟು ಇರುತ್ತದೆ, ಅದಕ್ಕೆ ಎ01.0. ಹಾಗಂತ ರಿಪೋರ್ಟು ನೋಡಿ ಕೋಡರ್ ತಾನೇ ಕಾಯಿಲೆ ತೀರ್ಮಾನಿಸುವಂತಿಲ್ಲ, ಡಾಕ್ಟರನ್ನು ಕೇಳಲೇಬೇಕು. ಸಕ್ಕರೆ ಕಾಯಿಲೆಯದೂ ಇದೇ ಗೋಳು: ಬರೀ ‘ಡಿಎಂ’ (ಡಯಾಬಿಟಿಸ್) ಅಂದರೆ ಬಗೆ ಹೇಳದ ಇ14, ‘ಟೈಪ್ 2, ಅದರಿಂದ ಕಿಡ್ನಿ ತೊಂದರೆ’ ಅಂದರೆ ಇ11.2.

ಕೇಳುವುದಕ್ಕೆ ಅರ್ಧ ಹಾಳೆಯ ಚೀಟಿ ಸಾಕು. ‘ಜ್ವರಕ್ಕೆ ಕಾರಣ ಖಚಿತವಾಗಿದೆಯೇ?’ ಅಂತ ಕೇಳಿ, ಉತ್ತರಕ್ಕೆ ಜಾಗ ಬಿಟ್ಟು, ಕೇಸ್‌ಶೀಟಿಗೆ ಪಿನ್ ಮಾಡಿ. ಉತ್ತರವನ್ನು ನೀವೇ ಸೂಚಿಸಬೇಡಿ. ರೋಗಿ ವಾರ್ಡಿನಲ್ಲಿರುವಾಗಲೇ ಕೇಳಿದರೆ ಉತ್ತರ ಬರುತ್ತದೆ. ತಿಂಗಳಾದ ಮೇಲೆ ಕೇಳಿದರೆ ಸಿಡಿಮಿಡಿ ಮಾತ್ರ.

ಒಟ್ಟಿಗೆ ಎಲ್ಲಾ ವಿಭಾಗಕ್ಕೂ ಕೈ ಹಾಕಬೇಡಿ. ಮೆಡಿಸಿನ್ ವಾರ್ಡಿನಲ್ಲಿ ಪದೇಪದೇ ಬರುವ ಕಾಯಿಲೆಗಳ ಪಟ್ಟಿ ಮಾಡಿ, ಡ್ಯೂಟಿ ರೂಮಿನ ಗೋಡೆಗೆ ಅಂಟಿಸಿ.

‘ಆಯುಷ್ಮಾನ್ ಪ್ಯಾಕೇಜ್ ಕೋಡ್ ಹಾಕ್ತಿದ್ದೀವಲ್ಲ, ಇದ್ಯಾಕೆ?’ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಅದು ಚಿಕಿತ್ಸೆಯ ಬಿಲ್ಲಿಗೆ, ಇದು ಕಾಯಿಲೆಗೆ. ‘ಐಸಿಡಿ-11 ಬರಲಿ’ ಅನ್ನುವವರೂ ಇದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಮಟ್ಟದಲ್ಲಿ ಅದು 2022ರಲ್ಲೇ ಜಾರಿಗೆ ಬಂತು. ಯಾವ ಆವೃತ್ತಿಗೂ ಸ್ಪಷ್ಟ ಡಯಾಗ್ನೋಸಿಸ್ ಬೇಕೇ ಬೇಕು.