ಗಾಳಿ ನೋಡಿ ಬಿತ್ತಿದೆ, ಜೋಳ ಬಂತು: ನನ್ನ ಅನುಭವ

ರಾಯಚೂರು ಜಿಲ್ಲೆಯ ಮಸ್ಕಿ ಕಡೆ ನಮ್ಮದು ಎರೆ ಹೊಲ, ಅಂದರೆ ಕಪ್ಪು ಮಣ್ಣು. ಮುಂದಿನ ವಾರದ ಮಳೆ ಲೆಕ್ಕ ಹಾಕಿ ಬಿತ್ತುತ್ತೇನೆ ಅಂದಾಗ ಯಾರೂ ನಂಬಲಿಲ್ಲ. "ಉತ್ತರಿ ಹಿಡಿದ್ರ ಬಿತ್ತು, ಮೊಬೈಲ್ ನೋಡಿ ಬಿತ್ತಬ್ಯಾಡ" ಅಂದರು ಕಾಕಾ (ಉತ್ತರಿ ಅಂದರೆ ಸೆಪ್ಟೆಂಬರ್ ನಡುವೆ ಶುರುವಾಗುವ ಮಳೆ ನಕ್ಷತ್ರ). ಈಗ ಸಂಜೆ ಅವರದೇ ಮೊದಲ ಫೋನು.

ಮೊದಲ ವರ್ಷ ಹತ್ತಿಯಲ್ಲಿ ಪೆಟ್ಟು ಬಿತ್ತು. ಜೂನ್‌ನಲ್ಲಿ ಒಂದು ಆಪ್ ಆರನೇ ದಿನಕ್ಕೆ 40 ಮಿ.ಮೀ. ತೋರಿಸಿತು. ಬಂದದ್ದು ಬರೀ ತುಂತುರು. ಮೊಳಕೆ ಸುಟ್ಟು ಹೋಯಿತು. ಬೀಜ, ಟ್ರ್ಯಾಕ್ಟರ್, ಆಳು ಸೇರಿ ಎಕರೆಗೆ 3 ಸಾವಿರದ ಮೇಲೆ ಮಣ್ಣುಪಾಲು. ಮತ್ತೆ ಬೀಜದ ಪ್ಯಾಕೆಟ್ ಉದ್ರಿ ತಂದೆ.

ಆಮೇಲೆ ಮಿ.ಮೀ. ಬಿಟ್ಟು ಗಾಳಿ ನೋಡತೊಡಗಿದೆ. ಪಡುವಣ ಗಾಳಿ ಜೋರಿದ್ದರೆ ಮಳೆ ಘಟ್ಟದಲ್ಲೇ ಸುರಿದು ಮುಗಿಯುತ್ತದೆ. ತುಂಗಭದ್ರಾ ಡ್ಯಾಂ ತುಂಬುತ್ತದೆ, ನಮ್ಮ ಹೊಲದಲ್ಲಿ ಧೂಳು. ನಮಗೆ ಒಳ್ಳೆಯ ಮಳೆ ಸೆಪ್ಟೆಂಬರ್‌ನಲ್ಲೇ ಅಲ್ವಾ? ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಆಂಧ್ರ ಕರಾವಳಿ ದಾಟಿ ತೆಲಂಗಾಣದ ಮೇಲೆ ಬಂದರೆ ಎರೆ ನೆನೆಯುತ್ತದೆ. ಹವಾಮಾನ ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿಗಳಲ್ಲಿ ಯುರೋಪಿನದು, ಅಮೆರಿಕದ್ದು ಎರಡರಲ್ಲೂ ಅದೇ ದಾರಿ ಕಾಣಬೇಕು. ರಾಯಚೂರು ಕೃಷಿ ವಿವಿಯಿಂದ ಮಂಗಳವಾರ, ಶುಕ್ರವಾರ ಬರುವ ಐದು ದಿನದ ಮುನ್ಸೂಚನೆಯನ್ನೂ ಪಕ್ಕದಲ್ಲಿಟ್ಟು ನೋಡುತ್ತೇನೆ. ಮೂರು ದಿನದೊಳಗಿನದಕ್ಕೆ ದುಡ್ಡು ಹಾಕುತ್ತೇನೆ. ನಾಲ್ಕರಿಂದ ಏಳನೇ ದಿನದ್ದು ಟ್ರ್ಯಾಕ್ಟರ್‌ನವನಿಗೆ ಹೇಳಿಡೋಕೆ ಮಾತ್ರ. ಯಾವ ಎತ್ತರದ ಗಾಳಿ, ಎಷ್ಟು ವೇಗ ಇಳಿದರೆ ಬೀಜದ ಚೀಲ ಬಿಚ್ಚುತ್ತೇನೆ ಅನ್ನೋದು ಸದ್ಯ ನನ್ನ ಹತ್ರವೇ ಇರಲಿ. ಇನ್ನೊಂದು ಹಂಗಾಮು ನೋಡಬೇಕು.

ಹೋದ ಉತ್ತರಿಯಲ್ಲಿ ಮಳೆಗೆ ಮೊದಲೇ ಕುಂಟೆ ಹೊಡೆದು ಕಾದೆ. ಎರಡು ರಾತ್ರಿಯಲ್ಲಿ 50 ಮಿ.ಮೀ. ಆಸುಪಾಸು ಬಿತ್ತು. ಮುಂದೆ ವಾರ ಪೂರ್ತಿ ಒಣ ಅಂತ ಕಂಡಿತು. ಹದ ಬಂದ ದಿನವೇ ಬಿತ್ತಿದೆ. ಇನ್ನೊಂದು ಮಳೆ ಬರಲಿ ಅಂತ ಕೂತವರಿಗೆ ಹದ ಆರಿತು. ನನಗೆ ಎಕರೆಗೆ 7 ಕ್ವಿಂಟಲ್ ಹತ್ತಿರ ಬಿಳಿಜೋಳ, ಪಕ್ಕದವರಿಗೆ ನಾಲ್ಕೂವರೆ, ಐದು.

ಸುಮ್ನೆ ಇರಲಿ ಅಂತ ಹೊಲದ ಎರಡೂ ತುದಿಗೆ ಮಳೆ ಮಾಪಕ ನೆಟ್ಟಿದ್ದೇನೆ. ಒಂದು ರಾತ್ರಿ ಒಂದರಲ್ಲಿ 18, ಇನ್ನೊಂದರಲ್ಲಿ 6! ಒಂದು ಮಿ.ಮೀ. ಅಂದರೆ ಎಕರೆಗೆ ಸುಮಾರು 4 ಸಾವಿರ ಲೀಟರ್. ಹೋಬಳಿ ಲೆಕ್ಕ ನಂಬಿ ಕೂರೋಕಾಗಲ್ಲ.

ತೊಗರಿಗೆ ಔಷಧಿ ಹೊಡೆಯೋಕೂ ಇದೇ ಲೆಕ್ಕ. ನಮ್ಮಲ್ಲಿ ಗುಡುಗು ಮಳೆ ಮಧ್ಯಾಹ್ನ ಕಳೆದ ಮೇಲೆಯೇ ಜಾಸ್ತಿ. ಮೂಡಣ ಗಾಳಿ ಕಂಡ ದಿನ ಮಳೆ ಬಂದೀತು ಅಂತ ಪಂಪು ಮುಟ್ಟಲ್ಲ. ಉಳಿದ ದಿನ ಬೆಳಗ್ಗೆಯೇ ಮುಗಿಸುತ್ತೇನೆ. ಹೋದ ವರ್ಷ ತೊಳೆದು ಹೋಯಿತು ಅಂತ ಮತ್ತೆ ಹೊಡೆಯಬೇಕಾಗಲಿಲ್ಲ, ಐದಾರು ಸಾವಿರ ಉಳಿಯಿತು.