ಹಳೇ ಪದ್ಮಿನಿ ಕಾರಿನ ಗಾಜಿನ ಸುತ್ತ ನೀರು ಸೋರ್ತಿದ್ರೆ ಏನು ಮಾಡ್ಬೇಕು

ಮಳೆಗಾಲ ಶುರುವಾಗಿ ವಾರ ಆಗಿಲ್ಲ, ಆಗ್ಲೇ ಗಾಡಿ ಬಾಗಿಲು ತೆಗೆದ್ರೆ ಒದ್ದೆ ಗೋಣಿಚೀಲದ ವಾಸನೆ, ಕಾಲಡಿ ಮ್ಯಾಟ್ ಎತ್ತಿದ್ರೆ ಪಚಪಚ. ಪದ್ಮಿನಿ, ಅಂಬಾಸಿಡರ್ ಇಟ್ಕೊಂಡಿರೋರಿಗೆ ಇದು ಗೊತ್ತಿರೋ ವಿಷಯಾನೇ. ಈ ಗಾಡಿಗಳಲ್ಲಿ ಈಗಿನ ಕಾರುಗಳ ಹಾಗೆ ಗಾಜನ್ನ ಅಂಟಿಸಿರಲ್ಲ, ರಬ್ಬರ್ ಬೀಡಿಂಗ್ ಒಂದೇ ಗಾಜನ್ನೂ ಹಿಡ್ಕೊಂಡು ತಗಡನ್ನೂ ಹಿಡ್ಕೊಂಡಿರತ್ತೆ, ಮೂವತ್ತು ನಲವತ್ತು ವರ್ಷ ಬಿಸಿಲು ತಿಂದ ಮೇಲೆ ಅದು ಗಟ್ಟಿಯಾಗಿ ಕುಗ್ಗತ್ತೆ, ಮೂಲೆಗಳಲ್ಲಿ ಸಂದಿ ಬಿಡತ್ತೆ.

ಮೊದಲನೇ ಮಾತು, ದಯವಿಟ್ಟು ಸಿಲಿಕಾನ್ ಟ್ಯೂಬ್ ತಂದು ಹೊರಗಿಂದ ಮೆತ್ತಬೇಡಿ. ನಮ್ಮ ಗಾಡಿಗೆ ಹಿಂದೆ ಯಾರೋ ಹಾಗೆ ಮಾಡಿದ್ರು, ಎರಡು ಮಳೆಗಾಲ ಸೋರ್ಲಿಲ್ಲ ಅಂತ ನಾವೂ ಸುಮ್ನಿದ್ವಿ, ಮೂರನೇ ವರ್ಷ ಬೀಡಿಂಗ್ ಬಿಚ್ಚಿ ನೋಡಿದ್ರೆ ಕೆಳಗಿನ ತಗಡು ಬೆರಳಲ್ಲಿ ಒತ್ತಿದ್ರೆ ಪುಡಿಪುಡಿ. ಮೇಲೆ ಮುಚ್ಚಿದ್ರೂ ನೀರು ಎಲ್ಲೋ ಒಂದು ಕಡೆ ರಬ್ಬರ್ ಅಡಿಗೆ ಇಳೀತಾನೇ ಇರತ್ತೆ, ವಾಪಸ್ ಹೊರಗೆ ಬರೋ ದಾರಿ ಮಾತ್ರ ಬಂದ್ ಆಗತ್ತೆ. ವಿನೆಗರ್ ವಾಸನೆ ಬರೋ ಸಿಲಿಕಾನ್ ಇನ್ನೂ ಕೆಟ್ಟದ್ದು, ಒಣಗುವಾಗ ಅದು ಬಿಡೋ ಆಸಿಡ್‌ಗೆ ಬರೀ ತಗಡು ತುಕ್ಕು ಹಿಡಿಯತ್ತೆ, ಆಮೇಲೆ ಅಲ್ಲಿ ಪೇಂಟೂ ನಿಲ್ಲಲ್ಲ.

ನೀರು ಕಾಣೋ ಜಾಗ ಬೇರೆ, ಒಳಗೆ ನುಗ್ಗೋ ಜಾಗ ಬೇರೆ, ಹಾಗಾಗಿ ಮೊದಲು ಹುಡುಕ್ಬೇಕು. ಮ್ಯಾಟ್, ಅದರ ಕೆಳಗಿನ ಫೆಲ್ಟ್ ಎಲ್ಲಾ ತೆಗೆದು ಒಳಗೆ ಪೂರ್ತಿ ಒಣಗಿಸಿ. ಗಾಜಿನ ಸುತ್ತ ಒಳಗಡೆ ಬೀಡಿಂಗ್ ಅಂಚಿಗೆ, ಡ್ಯಾಶ್‌ಬೋರ್ಡ್ ಕೆಳಗೆ ಟಾಲ್ಕಮ್ ಪೌಡರ್ ಹಚ್ಚಿ. ಒಬ್ರು ಟಾರ್ಚ್ ಹಿಡ್ಕೊಂಡು ಒಳಗೆ ಕೂತ್ಕೊಳ್ಳಿ, ಇನ್ನೊಬ್ರು ಹೊರಗಿಂದ ಪೈಪಲ್ಲಿ ಮೆಲ್ಲಗೆ ನೀರು ಬಿಡ್ಲಿ, ಜೋರಾಗಿ ಚಿಮ್ಮಿಸಬೇಡಿ. ಕೆಳಗಿಂದಲೇ ಶುರು ಮಾಡಿ, ಒಂದೊಂದು ಜಾಗಕ್ಕೂ ಐದು ನಿಮಿಷ ಕೊಟ್ಟು ಮೇಲೆ ಹೋಗಿ. ಮೊದಲೇ ರೂಫ್ ಮೇಲೆ ನೀರು ಬಿಟ್ರೆ ಅದು ಎಲ್ಲಾ ಕಡೆ ಹರಿದು ಏನೂ ಗೊತ್ತಾಗಲ್ಲ. ನೀರು ಬಂದ ಕಡೆ ಪೌಡರ್ ಮೇಲೆ ಗೆರೆ ಬೀಳತ್ತೆ. ಇದನ್ನ ಮಾಡುವಾಗ ವೈಪರ್ ಕಡ್ಡಿ ಬಾಡಿಯಿಂದ ಹೊರಬರೋ ಜಾಗದ ವಾಷರ್, ಬಾನೆಟ್ ಹಿಂದಿನ ಗಾಳಿ ಕಿಂಡಿ, ಬಾಗಿಲ ಮೇಲಿನ ನೀರುದಾರಿ ಜಾಯಿಂಟ್ ಇವಕ್ಕೂ ನೀರು ಬಿಟ್ಟು ನೋಡಿ, ಅಲ್ಲಿ ನುಗ್ಗಿದ ನೀರು ಗಾಜಿನ ಪಕ್ಕದ ಕಂಬದೊಳಗೆ ಇಳಿದು ಗಾಜಿನ ಮೂಲೇಲಿ ಬಂದು ತೊಟ್ಟಿಕ್ಕತ್ತೆ, ಪಾಪ ಬೀಡಿಂಗ್ ಮೇಲೆ ತಪ್ಪು ಬರತ್ತೆ.

ಬೀಡಿಂಗ್ ಇನ್ನೂ ಮೆತ್ತಗಿದ್ದು ಒಂದೆರಡು ಕಡೆ ಮಾತ್ರ ಸೋರ್ತಿದ್ರೆ ಗಾಜು ತೆಗೆಯೋ ಅಗತ್ಯ ಇಲ್ಲ. ಪ್ಲಾಸ್ಟಿಕ್ ಸ್ಪೂನ್ ಹಿಡಿಯಿಂದ ರಬ್ಬರ್ ತುಟಿ (ಅಂದ್ರೆ ಬೀಡಿಂಗಿನ ಅಂಚು) ಎತ್ತಿ, ಸ್ಕ್ರೂಡ್ರೈವರ್ ಬೇಡ, ಗಾಜಿನ ಅಂಚಿಗೆ ತಾಗಿದ್ರೆ ಹಳೇ ಟಫನ್ಡ್ ಗಾಜು ಒಂದೇ ಸಲ ಪೂರ್ತಿ ಪುಡಿಯಾಗತ್ತೆ. ಒಳಗಿನ ಮಣ್ಣು ಬ್ರಷ್‌ನಲ್ಲಿ ತೆಗೆದು, ಒಂದು ದಿನ ಬಿಸಿಲಲ್ಲಿ ಒಣಗಿಸಿ, ಗಟ್ಟಿಯಾಗದ ವಿಂಡ್‌ಸ್ಕ್ರೀನ್ ಸೀಲಂಟ್ ತುಂಬಿ. ಅಂಗಡೀಲಿ ಬ್ಯೂಟೈಲ್ ಟೈಪ್ ಅಂತ ಕೇಳಿ. ರಬ್ಬರ್ ಮತ್ತು ಗಾಜಿನ ಮಧ್ಯೆ, ರಬ್ಬರ್ ಮತ್ತು ತಗಡಿನ ಮಧ್ಯೆ ಎರಡೂ ಕಡೆ ಹಾಕ್ಬೇಕು, ಬಹಳ ಜನ ಒಂದೇ ಕಡೆ ಹಾಕಿ ಬಿಡ್ತಾರೆ. ಹೊರಗೆ ಬಂದಿದ್ದನ್ನ ಬಟ್ಟೆಗೆ ಸ್ವಲ್ಪ ಸೀಮೆಎಣ್ಣೆ ಅಥವಾ ಟರ್ಪೆಂಟೈನ್ ಹಚ್ಚಿ ಒರೆಸಿ. ಜಾಸ್ತಿ ಹಚ್ಚಬೇಡಿ, ರಬ್ಬರ್ ಊದ್ಕೊಳತ್ತೆ, ಪೆಟ್ರೋಲ್ ಅಂತೂ ಬೇಡವೇ ಬೇಡ.

ಉಗುರಲ್ಲಿ ಒತ್ತಿದ್ರೂ ಬೀಡಿಂಗ್ ಕಲ್ಲಿನ ಹಾಗಿದ್ರೆ ಹೊಸದೇ ಹಾಕಿ. ಬೆಂಗಳೂರಲ್ಲಾದ್ರೆ ಜೆ.ಸಿ. ರೋಡ್ ಕಡೆ ಕೇಳಿ ನೋಡಿ, ಹಳೇ ಬೀಡಿಂಗಿನ ಒಂದು ತುಂಡು ಕತ್ತರಿಸಿ ಜೊತೆಗೆ ತಗೊಂಡು ಹೋಗಿ, ಬಾಯಲ್ಲಿ ಹೇಳಿದ್ರೆ ಸರಿಯಾದ ಅಳತೆ ಸಿಗಲ್ಲ. ಹಳೇದನ್ನ ಉಳಿಸೋಕೆ ಹೋಗಬೇಡಿ, ಬ್ಲೇಡಲ್ಲಿ ತುಟಿ ಸೀಳಿದ್ರೆ ಗಾಜಿಗೆ ಹಿಂಸೆ ಆಗದೆ ಹೊರಗೆ ಬರತ್ತೆ.

ಗಾಜು ಬಂದ ಮೇಲೆ ತಗಡಿನ ಅಂಚು ನೋಡಿ, ಕೆಲಸ ಎಲ್ಲಾ ಇರೋದು ಅಲ್ಲೇ. ತುಕ್ಕು ವೈರ್ ಬ್ರಷ್‌ನಲ್ಲಿ ಉಜ್ಜಿ, ರಸ್ಟ್ ಕನ್ವರ್ಟರ್ (ಉಳಿದ ತುಕ್ಕನ್ನ ಗಟ್ಟಿ ಪದರ ಮಾಡೋ ದ್ರವ) ಹಚ್ಚಿ, ಎಪಾಕ್ಸಿ ಪ್ರೈಮರ್, ಆಮೇಲೆ ಪೇಂಟ್. ತೂತು ಬಿದ್ದಿದ್ರೆ ಪುಟ್ಟಿ ತುಂಬಬೇಡಿ, ಟಿಂಕರಿಂಗ್ ಮಾಡೋರ ಹತ್ರ ತಗಡು ವೆಲ್ಡ್ ಮಾಡಿಸಿ. ಪೇಂಟ್ ಚೆನ್ನಾಗಿ ಗಟ್ಟಿಯಾಗೋವರೆಗೂ ಗಾಜು ಹಾಕೋ ಆತುರ ಬೇಡ.

ಹಾಕೋದು ಹಗ್ಗದ ಉಪಾಯದಲ್ಲಿ. ಬೀಡಿಂಗನ್ನ ಸ್ವಲ್ಪ ಹೊತ್ತು ಬಿಸಿಲಲ್ಲಿಟ್ಟು ಮೆತ್ತಗೆ ಮಾಡಿ ಗಾಜಿಗೆ ಸುತ್ತಿ, ತಗಡು ಕೂರೋ ಸಂದೀಲಿ 3-4 ಮಿ.ಮೀ. ದಪ್ಪದ ನೈಲಾನ್ ಹಗ್ಗ ಪೂರ್ತಿ ಸುತ್ತು ಕೂರಿಸಿ, ಎರಡೂ ತುದಿ ಕೆಳಗೆ ಮಧ್ಯದಲ್ಲಿ ಒಂದರ ಮೇಲೊಂದು ಬಂದು ಒಳಗೆ ನೇತಾಡ್ಬೇಕು. ಸೋಪ್ ನೀರು ಹಚ್ಚಿ ಗಾಜನ್ನ ಜಾಗದಲ್ಲಿಡಿ, ಹೊರಗಿನೋರು ಅಂಗೈಯಿಂದ ಒತ್ತುತ್ತಾ ಇರ್ಲಿ, ಒಳಗಿನೋರು ಹಗ್ಗ ಎಳೀತಾ ಹೋದ ಹಾಗೆ ರಬ್ಬರ್ ತುಟಿ ತಗಡಿನ ಮೇಲೆ ಬಂದು ಕೂರತ್ತೆ. ಗ್ಲೌಸ್, ಕನ್ನಡಕ ಹಾಕ್ಕೊಳ್ಳಿ. ಸೋಪ್ ನೀರು ಪೂರ್ತಿ ಒಣಗಿದ ಮೇಲೇ ಸೀಲಂಟ್.

ಬಾಗಿಲ ಗಾಜಿನದ್ದು ಬೇರೆ ಕತೆ. ಅಲ್ಲಿ ನೀರು ಬಾಗಿಲೊಳಗೆ ಇಳಿಯೋದು ಸಹಜ, ಕೆಳಗಿನ ತೂತುಗಳಿಂದ ಹೊರಗೆ ಹೋಗ್ಬೇಕು. ತಂತಿ ಹಾಕಿ ಆ ತೂತುಗಳನ್ನ ಬಿಡಿಸಿ. ಆಮೇಲೂ ಒಳಗೆ ಬಂದ್ರೆ ಡೋರ್ ಪ್ಯಾಡ್ (ಬಾಗಿಲ ಒಳಗಡೆ ಹೊದಿಕೆ) ತೆಗೆದು ದಪ್ಪ ಪ್ಲಾಸ್ಟಿಕ್ ಶೀಟನ್ನ ಬ್ಯೂಟೈಲ್ ಟೇಪಲ್ಲಿ ಅಂಟಿಸಿ, ಶೀಟಿನ ಕೆಳ ತುದಿ ಬಾಗಿಲೊಳಗೆ ಬಾಗಿರ್ಲಿ, ಆಗ ನೀರು ಕಾಲಿಗೆ ಬರದೆ ಕೆಳಗೆ ಹೋಗತ್ತೆ.

ಎಲ್ಲಾ ಮುಗಿದ ಮೇಲೆ ಮತ್ತೆ ಪೌಡರ್ ಹಚ್ಚಿ ನೀರು ಬಿಟ್ಟು ನೋಡಿ, ಗೆರೆ ಒಂದೂ ಇಲ್ಲ ಅಂದ್ಮೇಲೇ ಫೆಲ್ಟ್, ಮ್ಯಾಟ್ ವಾಪಸ್ ಹಾಕಿ.